ದುಂಡಾಗಲಾರದ ಕಕ್ಷೆ, ಆರದ ಬೆಂಕಿ

1979ರ ಮಾರ್ಚ್ 8ರಂದು ವಾಯೇಜರ್ 1 ನೌಕೆ ತೆಗೆದ ಒಂದು ಚಿತ್ರವನ್ನು ನಾನು ಆಗಾಗ ತೆರೆದು ನೋಡುತ್ತಿರುತ್ತೇನೆ. ಚೆಲುವಾದ ಚಿತ್ರವೇನೂ ಅಲ್ಲ. ಗುರುಗ್ರಹವನ್ನು ಹಾದು ಆಗಲೇ ಮೂರು ದಿನ ಕಳೆದಿದ್ದ ನೌಕೆ, ಸುಮಾರು 45 ಲಕ್ಷ ಕಿಲೋಮೀಟರ್ ದೂರದಿಂದ ಹಿಂತಿರುಗಿ ನೋಡಿ, ಅಯೋ ಎಂಬ ಉಪಗ್ರಹವನ್ನು ಸೆರೆಹಿಡಿದಿತ್ತು. ನೌಕೆ ಸಾಗುತ್ತಿರುವ ದಾರಿಯನ್ನು ನಿಖರವಾಗಿ ಲೆಕ್ಕ ಹಾಕುವುದಕ್ಕೆ ಹಿನ್ನೆಲೆಯ ಮಂಕು ನಕ್ಷತ್ರಗಳು ಕಾಣಬೇಕಾಗಿದ್ದುದರಿಂದ ಬೇಕೆಂದೇ ಹೆಚ್ಚು ಬೆಳಕು ಹಾಯಿಸಿ ತೆಗೆದ ಚಿತ್ರವದು. ಹಾಗಾಗಿ ಅಯೋದ ಬಿಸಿಲು ಬಿದ್ದ ಭಾಗ ಯಾವ ವಿವರವೂ ಇಲ್ಲದ ಬಿಳಿಯ ಹೋಳಿನಂತೆ ಕಾಣುತ್ತದೆ. ಆದರೆ ಆ ಹೋಳಿನ ಅಂಚಿನಿಂದಾಚೆಗೆ, ಏನೂ ಇರಬಾರದ ಕಡೆ, ಬಿಚ್ಚಿದ ಕೊಡೆಯ ಆಕಾರದ ಮಸುಕಾದ ಬೆಳಕೊಂದಿದೆ.

ಮರುದಿನ ಅದನ್ನು ಗಮನಿಸಿದವರು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರ್ ಲಿಂಡಾ ಮೊರಬಿಟೊ. ಅವರ ಕೆಲಸ ನಕ್ಷತ್ರಗಳ ಸ್ಥಾನ ಗುರುತಿಸುವುದೇ ಹೊರತು ಉಪಗ್ರಹಗಳ ಭೂವಿಜ್ಞಾನವಲ್ಲ. ಕ್ಯಾಮೆರಾದ ದೋಷವೇ, ಅಯೋದ ಹಿಂದೆ ಇನ್ನೊಂದು ಉಪಗ್ರಹ ಅಡಗಿದೆಯೇ ಎಂದು ಅವರೂ ಅವರ ಸಹೋದ್ಯೋಗಿಗಳೂ ಒಂದೊಂದೇ ಸಾಧ್ಯತೆಯನ್ನು ಪರಿಶೀಲಿಸಿ ಕೈಬಿಟ್ಟರು. ಅಷ್ಟು ದೊಡ್ಡ ಉಪಗ್ರಹ ಇದ್ದಿದ್ದರೆ ಭೂಮಿಯಿಂದಲೇ ಎಂದೋ ಕಂಡಿರಬೇಕಿತ್ತು. ಕೊನೆಗೆ ಉಳಿದದ್ದು ಒಂದೇ ಉತ್ತರ: ಅದು ಅಯೋದ ನೆಲದಿಂದ ಸುಮಾರು 270 ಕಿಲೋಮೀಟರ್ ಎತ್ತರಕ್ಕೆ ಚಿಮ್ಮಿದ ಜ್ವಾಲಾಮುಖಿಯ ಉಗುಳು. ಚಿತ್ರವನ್ನು ಇನ್ನೂ ಕೂಲಂಕಷವಾಗಿ ನೋಡಿದರೆ ಹಗಲು ಮತ್ತು ಇರುಳಿನ ಗಡಿಯ ಮೇಲೆ ಪ್ರತ್ಯೇಕವಾದ ಬೆಳಕಿನ ಚುಕ್ಕೆಯೊಂದು ಕಾಣುತ್ತದೆ. ಅದು ಎರಡನೆಯ ಉಗುಳು. ಬುಡ ಕತ್ತಲಲ್ಲಿದ್ದರೂ ತುದಿ ಬಿಸಿಲಿಗೆ ತಾಕುವಷ್ಟು ಎತ್ತರ ಅದಕ್ಕಿತ್ತು. ಭೂಮಿಯ ಹೊರಗೆ, ಸಕ್ರಿಯವಾಗಿ ಉಗುಳುತ್ತಿರುವ ಜ್ವಾಲಾಮುಖಿಯನ್ನು ಮನುಷ್ಯರು ಕಂಡದ್ದು ಅದೇ ಮೊದಲು. ಮೊದಲನೆಯದಕ್ಕೆ ಪೆಲೆ, ಎರಡನೆಯದಕ್ಕೆ ಲೋಕಿ ಎಂದು ಹೆಸರಾಯಿತು.

ಈ ಕತೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಚಿತ್ರಕ್ಕಿಂತಲೂ ಅದಕ್ಕೆ ಆರು ದಿನ ಮುಂಚೆ ನಡೆದ ಸಂಗತಿ. ಮಾರ್ಚ್ 2ರ ಸೈನ್ಸ್ ಪತ್ರಿಕೆಯಲ್ಲಿ ಸ್ಟ್ಯಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸೆನ್ ಮತ್ತು ರೇ ರೆನಾಲ್ಡ್ಸ್ ಎಂಬ ಮೂವರು ಒಂದು ಲೇಖನ ಪ್ರಕಟಿಸಿದ್ದರು. ಅಯೋದ ಒಳಭಾಗ ಬಹುಮಟ್ಟಿಗೆ ಕರಗಿರಬೇಕು, ಅದರ ಮೇಲ್ಮೈಯಲ್ಲಿ ಜ್ವಾಲಾಮುಖಿಗಳ ಕುರುಹು ಕಾಣುವ ಸಂಭವವಿದೆ ಎಂಬುದು ಅವರ ಲೆಕ್ಕಾಚಾರದ ಫಲಿತಾಂಶ. ನೌಕೆ ಗುರುವಿನ ಸಮೀಪಕ್ಕೆ ಬಂದದ್ದು ಮಾರ್ಚ್ 5ರಂದು. ಖಗೋಳಶಾಸ್ತ್ರದಲ್ಲಿ ಭವಿಷ್ಯ ನುಡಿದವರು ಅದು ನಿಜವಾಗುವುದನ್ನು ನೋಡಲು ಎಷ್ಟೋ ವರ್ಷ ಕಾಯಬೇಕಾಗುವುದು ಸಾಮಾನ್ಯ; ಇವರಿಗೆ ಒಂದು ವಾರವಷ್ಟೇ ಸಾಕಾಯಿತು.

ಅವರ ತರ್ಕ ಎಷ್ಟು ದಿಟ್ಟವಾಗಿತ್ತೆಂದು ತಿಳಿಯಬೇಕಾದರೆ ಅಯೋವನ್ನು ನಮ್ಮ ಚಂದ್ರನ ಪಕ್ಕದಲ್ಲಿಟ್ಟು ನೋಡಬೇಕು. ಚಂದ್ರನ ವ್ಯಾಸ 3,474 ಕಿಲೋಮೀಟರ್, ಅಯೋದ ವ್ಯಾಸ ಸುಮಾರು 3,643. ಚಂದ್ರ ಭೂಮಿಯಿಂದ ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿದ್ದರೆ ಅಯೋ ಗುರುವಿನಿಂದ ಸುಮಾರು 4,22,000 ಕಿಲೋಮೀಟರ್ ದೂರದಲ್ಲಿದೆ. ಸಾಂದ್ರತೆಯಲ್ಲಿಯೂ ಎರಡೂ ಹತ್ತಿರ ಹತ್ತಿರ; ಎರಡೂ ಶಿಲೆಯಿಂದಾದ ಕಾಯಗಳು. ಅಷ್ಟು ಚಿಕ್ಕ ಕಾಯದಲ್ಲಿ ಹುಟ್ಟಿನ ಕಾವಾಗಲಿ, ವಿಕಿರಣಶೀಲ ಧಾತುಗಳಿಂದ ಬರುವ ಕಾವಾಗಲಿ ನಾಲ್ಕೂವರೆ ಶತಕೋಟಿ ವರ್ಷ ಉಳಿಯುವುದಿಲ್ಲ. ಚಂದ್ರ ತಣ್ಣಗಾಗಿದ್ದಾನೆ, ಅಯೋ ಕೂಡ ತಣ್ಣಗಾಗಿರಬೇಕಿತ್ತು. ವ್ಯತ್ಯಾಸವಿರುವುದು ಅವು ಸುತ್ತುತ್ತಿರುವ ಗ್ರಹಗಳಲ್ಲಿ. ಗುರುವಿನ ದ್ರವ್ಯರಾಶಿ ಭೂಮಿಯ 318ರಷ್ಟು. ಆದ್ದರಿಂದಲೇ ಚಂದ್ರ 27 ದಿನ ತೆಗೆದುಕೊಂಡು ಹಾಕುವ ಸುತ್ತನ್ನು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುವ ಅಯೋ 42 ಗಂಟೆ 28 ನಿಮಿಷಗಳಲ್ಲಿ ಮುಗಿಸುತ್ತದೆ.

ಗುರುವಿನ ಸೆಳೆತ ಅಯೋದ ಹತ್ತಿರದ ಮಗ್ಗುಲಿನ ಮೇಲೆ ಹೆಚ್ಚು, ದೂರದ ಮಗ್ಗುಲಿನ ಮೇಲೆ ಕಡಿಮೆ. ಈ ವ್ಯತ್ಯಾಸದಿಂದಾಗಿ ಅಯೋ ಎಳೆದಂತೆ ನೀಳವಾಗಿದೆ. ಕೇವಲ ಇಷ್ಟರಿಂದಲೇ ಅದು ಬಿಸಿಯಾಗುತ್ತದೆ ಎಂದು ಬರೆದುಬಿಡುವುದನ್ನು ನಾನು ಹಲವೆಡೆ ಓದಿದ್ದೇನೆ, ಅದು ಸರಿಯಲ್ಲ. ಒಂದು ತಂತಿಯನ್ನು ಬಗ್ಗಿಸಿ ಹಾಗೆಯೇ ಹಿಡಿದುಕೊಂಡು ಕುಳಿತರೆ ಅದು ಬಿಸಿಯಾಗುವುದಿಲ್ಲ. ಅದೇ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತಿಪ್ಪತ್ತು ಸಲ ಬಗ್ಗಿಸಿ, ಬಾಗಿದ ಜಾಗವನ್ನು ತುಟಿಗೆ ತಾಗಿಸಿ ನೋಡಿದರೆ ಕಾವು ಗೊತ್ತಾಗುತ್ತದೆ. ಅಯೋದ ಕಕ್ಷೆ ಅಪ್ಪಟ ವೃತ್ತವಾಗಿದ್ದಿದ್ದರೆ ಅದು ಸದಾ ಒಂದೇ ಪ್ರಮಾಣದಲ್ಲಿ, ಒಂದೇ ದಿಕ್ಕಿಗೆ ಹಿಗ್ಗಿಕೊಂಡು, ಆ ಆಕಾರದಲ್ಲೇ ತಣ್ಣಗೆ ನಿಂತುಬಿಡುತ್ತಿತ್ತು. ಆದರೆ ಕಕ್ಷೆ ತುಸು ದೀರ್ಘವೃತ್ತವಾಗಿದೆ, ಅದರ ಉತ್ಕೇಂದ್ರತೆ, ಅಂದರೆ ವೃತ್ತದಿಂದ ಅದು ಎಷ್ಟು ಸೊಟ್ಟಗಾಗಿದೆ ಎಂಬುದರ ಅಳತೆ, 0.004 ಮಾತ್ರ. ಕಾಗದದ ಮೇಲೆ ಬರೆದರೆ ಕಣ್ಣಿಗೆ ವೃತ್ತವೆಂದೇ ಕಾಣುತ್ತದೆ. ಆದರೂ ಒಂದು ಸುತ್ತಿನ ಅತಿ ಸಮೀಪಕ್ಕೂ ಅತಿ ದೂರಕ್ಕೂ ಸುಮಾರು 3,400 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಪ್ರತಿ 42 ಗಂಟೆಗೊಮ್ಮೆ ಅಯೋದ ಗಟ್ಟಿ ನೆಲವೇ 100 ಮೀಟರಿನಷ್ಟು ಉಬ್ಬಿ ಇಳಿಯಬಹುದೆಂದು ಲೆಕ್ಕಗಳು ಹೇಳುತ್ತವೆ. ಇದು ಕಡಲಿನ ಉಬ್ಬರವಲ್ಲ, ಬಂಡೆಯ ಉಬ್ಬರ. ಆ ಉಜ್ಜಾಟದಲ್ಲಿ ಹುಟ್ಟುವ ಕಾವೇ ಅಯೋದ ಬೆಂಕಿ.

ಇಲ್ಲೊಂದು ಪ್ರಶ್ನೆ ಏಳಬೇಕು. ಹೀಗೆ ಕಾವು ಕಳೆದುಕೊಳ್ಳುವ ಉಪಗ್ರಹದ ಕಕ್ಷೆ ಕ್ರಮೇಣ ದುಂಡಗಾಗುತ್ತದೆ, ದುಂಡಗಾದ ಮೇಲೆ ಬೆಂಕಿ ಆರುತ್ತದೆ. ಅಯೋದಲ್ಲಿ ಹಾಗೆ ಆಗದಂತೆ ತಡೆದಿರುವವು ಅದರ ನೆರೆಯ ಉಪಗ್ರಹಗಳು. ಅಯೋ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು ಸುತ್ತು, ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತವೆ. ಹೀಗಾಗಿ ಅಯೋ ಮತ್ತು ಯುರೋಪಾ ಒಂದನ್ನೊಂದು ಹಾದುಹೋಗುವುದು ಅಯೋದ ಕಕ್ಷೆಯ ಒಂದೇ ತಾಣದಲ್ಲಿ, ಅದು ಗುರುವಿಗೆ ಅತಿ ಸಮೀಪವಿರುವ ಹೊತ್ತಿನಲ್ಲಿ. ಉಯ್ಯಾಲೆಗೆ ಒಂದೇ ಲಯದಲ್ಲಿ ಒತ್ತು ಕೊಟ್ಟಂತೆ ಪ್ರತಿ ಭೇಟಿಯಲ್ಲೂ ಅದೇ ಕಡೆಯಿಂದ ಅದೇ ಸೆಳೆತ ಬೀಳುತ್ತದೆ. ಗುರು ಆ ಕಕ್ಷೆಯನ್ನು ದುಂಡಗೆ ಮಾಡಲು ಹೊರಟರೆ ಯುರೋಪಾ ಅದನ್ನು ಮತ್ತೆ ಮತ್ತೆ ಸೊಟ್ಟಗೆ ಮಾಡುತ್ತದೆ. ಅನುರಣನವೆಂದು ಕರೆಯುವ ಈ ತಾಳವನ್ನು ಮೊದಲು ಗಣಿತದಿಂದ ವಿವರಿಸಿದವನು ಫ್ರಾನ್ಸಿನ ಲಾಪ್ಲಾಸ್. ಅದಕ್ಕೂ ಜ್ವಾಲಾಮುಖಿಗೂ ನಂಟಿರಬಹುದೆಂಬುದು ಅವನ ಕಾಲದವರ ಕಲ್ಪನೆಯಲ್ಲೂ ಇರಲಿಲ್ಲ.

ಹಾಗಾದರೆ ಈ ಶಕ್ತಿಯೆಲ್ಲ ಬರುವುದು ಎಲ್ಲಿಂದ? ಯುರೋಪಾ ತಾಳ ಹಾಕುತ್ತದೆಯೇ ಹೊರತು ಖರ್ಚು ಭರಿಸುವುದಿಲ್ಲ. ಭರಿಸುವುದು ಗುರುಗ್ರಹ. ಹತ್ತು ಗಂಟೆಯೊಳಗೆ ಒಮ್ಮೆ ತನ್ನ ಸುತ್ತ ತಿರುಗುವ ಆ ದೈತ್ಯನ ಮೈಮೇಲೂ ಅಯೋದ ಸೆಳೆತದಿಂದ ಸಣ್ಣ ಉಬ್ಬು ಏಳುತ್ತದೆ. ಗ್ರಹ ವೇಗವಾಗಿ ತಿರುಗುವುದರಿಂದ ಆ ಉಬ್ಬು ಅಯೋಗಿಂತ ತುಸು ಮುಂದಕ್ಕೆ ಸರಿದು ಅಯೋವನ್ನು ಮುಂದಕ್ಕೆ ಎಳೆಯುತ್ತದೆ. ಗುರುವಿನ ತಿರುಗಾಟ ಅಳತೆಗೆ ಸಿಗದಷ್ಟು ನಿಧಾನವಾಗುತ್ತಾ ಆ ಶಕ್ತಿ ಅಯೋದ ಕಕ್ಷೆಗೆ, ಅಲ್ಲಿಂದ ಒಂದಷ್ಟು ಪಾಲು ಅಯೋದ ಒಡಲಿಗೆ ಕಾವಾಗಿ ಸೇರುತ್ತದೆ. ಅಯೋದಲ್ಲಿ ಚಿಮ್ಮುವ ಒಂದೊಂದು ಲಾವಾ ಬುಗ್ಗೆಯೂ ಗುರುವಿನ ತಿರುಗಾಟದಿಂದ ಕಡ ತಂದ ಬೆಂಕಿ.

ಆ ಕಡದ ಮೊತ್ತ ಸಣ್ಣದೇನಲ್ಲ. ಅಯೋ ತನ್ನೊಳಗಿನಿಂದ ಹೊರಬಿಡುವ ಉಷ್ಣ ಸುಮಾರು 100 ಲಕ್ಷ ಕೋಟಿ ವ್ಯಾಟ್. ಭೂಮಿಯ ಒಡಲಿನಿಂದ ಹೊರಬರುವುದು ಸುಮಾರು 47 ಲಕ್ಷ ಕೋಟಿ ವ್ಯಾಟ್. ಭೂಮಿಯ ಮೇಲ್ಮೈಯ ಹನ್ನೆರಡನೆಯ ಒಂದು ಪಾಲಿನಷ್ಟೇ ಮೇಲ್ಮೈಯುಳ್ಳ ಅಯೋ, ಅದರ ಎರಡರಷ್ಟು ಉಷ್ಣವನ್ನು ಹೊರಹಾಕುತ್ತಿದೆ. ಇಲ್ಲಿಯವರೆಗೆ ಗುರುತಿಸಿರುವ ಸಕ್ರಿಯ ಜ್ವಾಲಾಮುಖಿಗಳ ಸಂಖ್ಯೆ 400ರ ಆಸುಪಾಸು. ಉಲ್ಕೆ ಬಿದ್ದು ಆದ ಕುಳಿ ಒಂದೇ ಒಂದಾದರೂ ಅಯೋದ ಮೇಲೆ ಇದುವರೆಗೆ ಕಂಡಿಲ್ಲ. ಬಿದ್ದಿಲ್ಲವೆಂದಲ್ಲ, ಬಿದ್ದದ್ದೆಲ್ಲ ಹೊಸ ಲಾವಾದ ಕೆಳಗೂ ಬೂದಿಯ ಕೆಳಗೂ ಹೂತುಹೋಗಿದೆ.

ಅಯೋದ ಬಣ್ಣಗಳಿಂದಾಗಿ ಆರಂಭದಲ್ಲಿ ಒಂದು ತಪ್ಪು ಕಲ್ಪನೆ ಬೆಳೆದಿತ್ತು. ಹಳದಿ, ಕಿತ್ತಳೆ, ಬಿಳಿ, ಕಪ್ಪು ಕಲೆಗಳಿಂದ ತುಂಬಿದ ಆ ನೆಲವನ್ನು ನೋಡಿದಾಗ ಅಲ್ಲಿ ಹರಿಯುವುದು ಕರಗಿದ ಗಂಧಕವೇ ಇರಬೇಕೆಂದು ಅನೇಕರು ಭಾವಿಸಿದ್ದರು. ಗಂಧಕವೇನೋ ಧಾರಾಳವಾಗಿದೆ: ಹಳದಿ ಅದರದೇ, ಪೆಲೆಯ ಸುತ್ತ ಸಾವಿರ ಕಿಲೋಮೀಟರಿಗೂ ಅಗಲವಾಗಿ ಹರಡಿರುವ ಕೆಂಪು ಬಳೆಯೂ ಗಂಧಕದ ಇನ್ನೊಂದು ರೂಪದ್ದು, ಬಿಳಿಯದು ಹೆಪ್ಪುಗಟ್ಟಿದ ಸಲ್ಫರ್ ಡೈಆಕ್ಸೈಡಿನ ಹಿಮ. ಆದರೆ ಗಂಧಕ ನಮ್ಮ ವಾಯುಭಾರದಲ್ಲಿ 445 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿದು ಆವಿಯಾಗುತ್ತದೆ. ಮುಂದೆ ಅವಕೆಂಪು ಕಿರಣಗಳಲ್ಲಿ ಅಳೆದಾಗ 1,000 ಡಿಗ್ರಿಯನ್ನು ಮೀರಿದ ತಾಪಗಳು ಸಿಕ್ಕವು. ಅಷ್ಟು ಬಿಸಿಯಾಗಿ ಹರಿಯಬಲ್ಲದ್ದು ಕರಗಿದ ಶಿಲೆ ಮಾತ್ರ. ಗಂಧಕ ಮೇಲಿನ ಬಣ್ಣ, ಒಳಗಿನ ಕೆಲಸವೆಲ್ಲ ಬಸಾಲ್ಟಿನಂಥ ಶಿಲೆಯದು. ಈ 1,000 ಡಿಗ್ರಿಯ ಲಾವಾ ಹರಿಯುವುದು ಸೊನ್ನೆಗಿಂತ 130 ಡಿಗ್ರಿ ಕೆಳಗಿರುವ ನೆಲದ ಮೇಲೆ ಎಂಬುದನ್ನೂ ಜೊತೆಗೇ ನೆನೆಯಬೇಕು.

ಆ ಬಿಸಿ ಮತ್ತು ಆ ತಣ್ಪು ಕೂಡುವ ಕಡೆ ಏನಾಗುತ್ತದೆಂಬುದಕ್ಕೆ ಪ್ರೊಮಿಥಿಯಸ್ ಎಂಬ ಜ್ವಾಲಾಮುಖಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 1979ರಲ್ಲಿ ವಾಯೇಜರ್ ಅದರ ಉಗುಳನ್ನು ಕಂಡಿತ್ತು. ಹದಿನೇಳು ವರ್ಷಗಳ ನಂತರ ಗೆಲಿಲಿಯೋ ನೌಕೆ ಮತ್ತೆ ನೋಡಿದಾಗ ಉಗುಳು ಅದೇ ಎತ್ತರದಲ್ಲಿ, ಅದೇ ಆಕಾರದಲ್ಲಿ ಇತ್ತು, ಆದರೆ ಹಳೆಯ ಜಾಗದಲ್ಲಿರಲಿಲ್ಲ. ಸುಮಾರು 80 ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿತ್ತು. ಜ್ವಾಲಾಮುಖಿ ನಡೆದು ಹೋಗುವುದುಂಟೆ? ಹತ್ತಿರದ ಚಿತ್ರಗಳು ಬಂದ ಮೇಲೆ ವಿಷಯ ತಿಳಿಯಿತು. ಲಾವಾ ಹೊರಬರುವ ಬಾಯಿ ಇದ್ದಲ್ಲೇ ಇದೆ. ಅಲ್ಲಿಂದ ಹೊರಟ ಲಾವಾ ಪಶ್ಚಿಮಕ್ಕೆ ಹರಿಯುತ್ತಾ ಹೋಗಿ, ಅದರ ಮುಂದಿನ ಅಂಚು ಸಲ್ಫರ್ ಡೈಆಕ್ಸೈಡಿನ ಹಿಮದ ಮೇಲೆ ಏರಿದಾಗ ಹಿಮ ತಟಕ್ಕನೆ ಆವಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಉಗುಳು ಏಳುವುದು ಆ ಅಂಚಿನಲ್ಲಿ. ಅಂಚು ಮುಂದೆ ಸರಿದಂತೆಲ್ಲ ಉಗುಳೂ ಅದರ ಹಿಂದೆಯೇ ಹೋಗಿದೆ. ಇಂಥ ಉಗುಳುಗಳು ಸಾಮಾನ್ಯವಾಗಿ 100 ಕಿಲೋಮೀಟರಿಗಿಂತ ಗಿಡ್ಡ. ಪೆಲೆಯಂಥ 300 ಕಿಲೋಮೀಟರ್ ಎತ್ತರದವು ಬೇರೆ ಜಾತಿಯವು. ಅವನ್ನು ಚಿಮ್ಮಿಸುವುದು ಶಿಲಾಪಾಕದೊಳಗೆ, ಅಂದರೆ ನೆಲದಡಿಯ ಕರಗಿದ ಶಿಲೆಯೊಳಗೆ, ಬೆರೆತಿದ್ದ ಅನಿಲ. ಗುರುತ್ವ ಭೂಮಿಯ ಆರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಗಾಳಿಯೋ ಇಲ್ಲವೆನ್ನುವಷ್ಟು ತೆಳು. ಹೀಗಾಗಿ ಮೇಲೆದ್ದ ಧೂಳು ಹೊಗೆಯ ಮೋಡದಂತೆ ತೇಲುವುದಿಲ್ಲ, ಎಸೆದ ಕಲ್ಲಿನ ಹಾದಿ ಹಿಡಿದು ಕೊಡೆಯಂತೆ ಬಾಗಿ ಸುತ್ತಲೂ ಇಳಿಯುತ್ತದೆ.

ಲೋಕಿಯದು ಇನ್ನೊಂದು ರೀತಿ. ಸುಮಾರು 200 ಕಿಲೋಮೀಟರ್ ಅಗಲದ ತಗ್ಗಿನಲ್ಲಿ, ನಡುವೆ ಒಂದು ದ್ವೀಪವನ್ನು ಬಿಟ್ಟು ಸುತ್ತಲೂ ಲಾವಾ ತುಂಬಿಕೊಂಡಿದೆ. ಅದು ಸದ್ದುಗದ್ದಲವಿಲ್ಲದ ಸರೋವರ. ಮೇಲಿನ ಲಾವಾ ತಣಿದು ಕೆನೆಗಟ್ಟುತ್ತದೆ, ಕೆನೆ ದಪ್ಪವಾಗಿ ಭಾರವಾದಾಗ ಒಂದು ಕಡೆಯಿಂದ ಮುಳುಗತೊಡಗುತ್ತದೆ, ಅದು ಮುಳುಗಿದಲ್ಲಿ ಬಿಸಿ ಲಾವಾ ಮೇಲೆ ಬರುತ್ತದೆ, ಹೀಗೆ ಮಗುಚುವ ಅಲೆಯೊಂದು ತಿಂಗಳುಗಟ್ಟಲೆ ತೆಗೆದುಕೊಂಡು ಸರೋವರವನ್ನು ಬಳಸುತ್ತದೆ. ಭೂಮಿಯಿಂದ ನೋಡಿದವರಿಗೆ ಲೋಕಿ ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಬೆಳಗಿ ಮಂಕಾಗುವುದು ಕಂಡಿದ್ದು ಇದರಿಂದಲೇ ಎಂಬುದು ಹೆಚ್ಚಿನವರು ಒಪ್ಪಿರುವ ವಿವರಣೆ. 2015ರಲ್ಲಿ ಅಯೋದ ಮುಂದೆ ಯುರೋಪಾ ಹಾದುಹೋದಾಗ ಅರಿಜೋನಾದ ಲಾರ್ಜ್ ಬೈನಾಕ್ಯುಲರ್ ಟೆಲಿಸ್ಕೋಪು ಒಂದು ಜಾಣ ಅಳತೆ ಮಾಡಿತು. ಯುರೋಪಾದ ಹಿಮದ ಮೈ ಆ ಅವಕೆಂಪಿನಲ್ಲಿ ಕಪ್ಪಾಗಿ ಕಾಣುವುದರಿಂದ ಅದರ ಅಂಚು ಲೋಕಿಯ ಮೇಲೆ ಪರದೆಯಂತೆ ಸರಿಯಿತು. ಬೆಳಕು ಕ್ಷಣಕ್ಷಣಕ್ಕೂ ಎಷ್ಟು ಕುಗ್ಗಿತು ಎಂಬುದರಿಂದ ಸರೋವರದ ಯಾವ ಭಾಗ ಎಷ್ಟು ಬಿಸಿ ಎಂಬ ನಕ್ಷೆ ಸಿದ್ಧವಾಯಿತು. ಒಂದಲ್ಲ, ಎರಡು ಅಲೆಗಳು ದ್ವೀಪದ ಎರಡು ಬದಿಯಿಂದ ಸಾಗಿದ್ದವೆಂದು ಅದರಿಂದ ತಿಳಿಯಿತು. ಆ ದಿನವೂ ಮಾರ್ಚ್ 8 ಎಂಬುದು ಬರೀ ಕಾಕತಾಳೀಯ, ಆದರೂ ನನಗೆ ಇಷ್ಟವಾದ ಕಾಕತಾಳೀಯ.

ಹೆಸರುಗಳ ಬಗ್ಗೆ ಎರಡು ಮಾತು. ಅಯೋದ ಜ್ವಾಲಾಮುಖಿಗಳಿಗೆ ಲೋಕದ ಬೇರೆ ಬೇರೆ ಪುರಾಣಗಳ ಬೆಂಕಿ, ಸೂರ್ಯ, ಸಿಡಿಲು ಮತ್ತು ಕಮ್ಮಾರಿಕೆಯ ದೇವತೆಗಳ ಹೆಸರಿಡುವುದು ರೂಢಿ. ಪೆಲೆ ಹವಾಯಿಯವಳು, ಲೋಕಿ ಉತ್ತರ ಯುರೋಪಿನವನು. ಉತ್ತರಧ್ರುವದ ಕಡೆಯ ಒಂದು ಜ್ವಾಲಾಮುಖಿ ಸಮೂಹಕ್ಕೆ ಇಂದ್ರನಿಗೆ ವಜ್ರಾಯುಧ ಮಾಡಿಕೊಟ್ಟ ತ್ವಷ್ಟೃವಿನ ಹೆಸರಿದೆ. ಹೆಸರಿಗೆ ತಕ್ಕ ಕುಲುಮೆಯೇ ಅದು. 1999ರ ನವೆಂಬರಿನಲ್ಲಿ ಗೆಲಿಲಿಯೋ ನೌಕೆ ಅಲ್ಲಿ ನೆಲದ ಬಿರುಕಿನುದ್ದಕ್ಕೂ ಒಂದು ಕಿಲೋಮೀಟರಿಗೂ ಮಿಕ್ಕಿ ಎತ್ತರಕ್ಕೆದ್ದ ಲಾವಾದ ತೆರೆಯನ್ನು ಕಂಡಿತು. ಬೆಳಕು ತಾಳಲಾರದೆ ಕ್ಯಾಮೆರಾದ ಚಿತ್ರದಲ್ಲಿ ಆ ಭಾಗ ಬಿಳಿಯ ಗೀರಾಗಿ ಸೋರಿಕೊಂಡಿತ್ತು. 2007ರ ಫೆಬ್ರವರಿಯಲ್ಲಿ ಪ್ಲೂಟೋ ಕಡೆಗೆ ಹೊರಟಿದ್ದ ನ್ಯೂ ಹೊರೈಜನ್ಸ್ ಅಲ್ಲಿ ಹಾದಾಗ ಅದೇ ತ್ವಷ್ಟೃ 330 ಕಿಲೋಮೀಟರ್ ಎತ್ತರಕ್ಕೆ ಉಗುಳುತ್ತಿತ್ತು. ಎಂಟು ನಿಮಿಷಗಳ ಅವಧಿಯಲ್ಲಿ ತೆಗೆದ ಐದು ಚಿತ್ರಗಳನ್ನು ಜೋಡಿಸಿದಾಗ, ಮೇಲೆದ್ದ ಧೂಳು ಇಳಿಯುವುದು ಚಲನಚಿತ್ರದಂತೆ ಕಾಣುತ್ತದೆ.

ಹೀಗೆ ಮೇಲೆದ್ದದ್ದರಲ್ಲಿ ಎಲ್ಲವೂ ಕೆಳಗೆ ಬೀಳುವುದಿಲ್ಲ. ಗುರುವಿನ ಬಲವಾದ ಕಾಂತಕ್ಷೇತ್ರ ಅಯೋದಿಂದ ಸೆಕೆಂಡಿಗೆ ಸುಮಾರು ಒಂದು ಟನ್ ದ್ರವ್ಯವನ್ನು ಕಿತ್ತುಕೊಂಡು ಹೋಗಿ, ಅದರ ಕಕ್ಷೆಯುದ್ದಕ್ಕೂ ವಿದ್ಯುದಾವೇಶವುಳ್ಳ ಕಣಗಳ ಬಳೆಯನ್ನು ಕಟ್ಟಿದೆ. ಗುರುವಿನ ಧ್ರುವಪ್ರಭೆಯಲ್ಲಿ ಅಯೋದ ಹೆಜ್ಜೆಗುರುತಿನಂತೆ ಒಂದು ಹೊಳೆಯುವ ಚುಕ್ಕೆ ಸದಾ ಅದನ್ನು ಹಿಂಬಾಲಿಸುತ್ತದೆ.

ಈ ಕಣಗಳ ಹೊಡೆತವೇ ಅಲ್ಲಿಗೆ ಹೋಗುವ ನೌಕೆಗಳಿಗೆ ಶತ್ರು. 2016ರಿಂದ ಗುರುವನ್ನು ಸುತ್ತುತ್ತಿರುವ ಜೂನೋ ನೌಕೆಯ ಕ್ಯಾಮೆರಾ 2023ರ ಕೊನೆಯ ಹೊತ್ತಿಗೆ ವಿಕಿರಣದಿಂದ ಎಷ್ಟು ಕೆಟ್ಟಿತ್ತೆಂದರೆ ಚಿತ್ರಗಳೆಲ್ಲ ಗೀರುಗಳಿಂದ ತುಂಬಿ ಬರುತ್ತಿದ್ದವು. ಅಯೋದ ಹತ್ತಿರ ಹಾಯುವ ದಿನ ಸಮೀಪಿಸುತ್ತಿತ್ತು. ಭೂಮಿಯಲ್ಲಿ ಕುಳಿತ ಎಂಜಿನಿಯರುಗಳು ಕ್ಯಾಮೆರಾಕ್ಕೆ ಜೋಡಿಸಿದ್ದ ಹೀಟರನ್ನು ಪೂರ್ತಿ ಏರಿಸಿ, ಲೋಹವನ್ನು ಕಾಯಿಸಿ ಹದ ಮಾಡುವಂತೆ ಅದನ್ನು ಬಿಸಿ ಮಾಡಿದರು. ದಿನಗಳು ಕಳೆದಂತೆ ಚಿತ್ರ ತಿಳಿಯಾಯಿತು. 2023ರ ಡಿಸೆಂಬರ್ 30ರಂದು, ಮತ್ತೆ 2024ರ ಫೆಬ್ರವರಿ 3ರಂದು, ಜೂನೋ ಅಯೋದ ನೆಲದಿಂದ ಸುಮಾರು 1,500 ಕಿಲೋಮೀಟರ್ ಅಂತರದಲ್ಲಿ ಹಾದುಹೋಯಿತು.

ಆ ಎರಡು ಭೇಟಿಗಳು ಬಗೆಹರಿಸಿದ ಪ್ರಶ್ನೆ ಚಿತ್ರಗಳಿಗಿಂತ ದೊಡ್ಡದು. ಗೆಲಿಲಿಯೋ ನೌಕೆಯ ಕಾಂತಕ್ಷೇತ್ರದ ಅಳತೆಗಳನ್ನು ಮರುಪರಿಶೀಲಿಸಿದ ವಿಜ್ಞಾನಿಗಳು, ಅಯೋದ ಚಿಪ್ಪಿನ ಕೆಳಗೆ ಇಡೀ ಗೋಳವನ್ನು ಆವರಿಸಿದ ಶಿಲಾಪಾಕದ ಪದರವಿರಬೇಕೆಂದು 2011ರಲ್ಲಿ ವಾದಿಸಿದ್ದರು. ನನಗೂ ಆ ವಾದ ಸೊಗಸಾಗಿ ಕಂಡಿತ್ತು. ಎಲ್ಲ ಜ್ವಾಲಾಮುಖಿಗಳಿಗೂ ಒಂದೇ ಕಡಲಿನಿಂದ ಪೂರೈಕೆ ಎಂದರೆ ಮನಸ್ಸಿಗೆ ಬೇಗ ಒಪ್ಪಿಗೆಯಾಗುತ್ತದೆ. ಆದರೆ ಚಿಪ್ಪಿನ ಕೆಳಗೆ ಹಾಗೆ ದ್ರವ ತುಂಬಿದ್ದರೆ ಗುರುವಿನ ಸೆಳೆತಕ್ಕೆ ಅಯೋ ಇನ್ನೂ ಸಲೀಸಾಗಿ ಬಾಗಬೇಕು. ಹತ್ತಿರ ಹಾದ ಜೂನೋದ ವೇಗದಲ್ಲಾದ ಸೂಕ್ಷ್ಮ ಬದಲಾವಣೆಗಳನ್ನು ರೇಡಿಯೋ ಸಂಕೇತಗಳಿಂದ ಅಳೆದು, ಹಳೆಯ ಗೆಲಿಲಿಯೋ ಅಳತೆಗಳ ಜೊತೆ ಸೇರಿಸಿ ನೋಡಿದಾಗ ಅಯೋ ಅಷ್ಟೊಂದು ಬಾಗುವುದಿಲ್ಲವೆಂದು ಗೊತ್ತಾಯಿತು. ಮೇಲ್ಮಟ್ಟದಲ್ಲಿ ಗೋಳವ್ಯಾಪಿಯಾದ ಶಿಲಾಪಾಕದ ಕಡಲು ಇಲ್ಲವೆಂಬ ಈ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಒಳಗೆ ಬಹುಮಟ್ಟಿಗೆ ಗಟ್ಟಿಯಾದ ಶಿಲೆ, ಅದರ ನಡುನಡುವೆ ಕರಗಿದ ಪಾಕ ತುಂಬಿದ ಗೂಡುಗಳು. ಒಂದೊಂದು ಜ್ವಾಲಾಮುಖಿಗೂ ತನ್ನದೇ ಉಗ್ರಾಣ ಎಂದಾಯಿತು.

ಅದೇ ತಿಂಗಳ 27ರಂದು, ತುಂಬ ದೂರದಿಂದ ಹಾಯುತ್ತಿದ್ದ ಜೂನೋಗೆ ಅಯೋದ ದಕ್ಷಿಣಾರ್ಧದಲ್ಲಿ ಸುಮಾರು 1,00,000 ಚದರ ಕಿಲೋಮೀಟರ್ ವಿಸ್ತಾರದ ಒಂದು ಬಿಸಿ ಪ್ರದೇಶ ಕಂಡಿತು. ಅದು ಬಿಡುತ್ತಿದ್ದ ಉಷ್ಣ 80 ಲಕ್ಷ ಕೋಟಿ ವ್ಯಾಟಿಗೂ ಮೇಲು. ಇಡೀ ಅಯೋ ಸರಾಸರಿಯಲ್ಲಿ ಹೊರಬಿಡುವ ಮೊತ್ತವನ್ನು ಮೇಲೆ ಹೇಳಿದ್ದೇನೆ. ಆ ದಿನ ಒಂದೇ ಪ್ರದೇಶ ಅದರ ಸಮೀಪಕ್ಕೆ ಬಂದಿತ್ತು. ಗೂಡುಗಳು ಬಿಡಿಬಿಡಿಯಾಗಿದ್ದರೂ ಅಲ್ಲಿ ಹಲವು ಜ್ವಾಲಾಮುಖಿಗಳು ಒಟ್ಟಿಗೇ ಹೊತ್ತಿಕೊಂಡಂತೆ ತೋರಿದ್ದರಿಂದ ಕೆಲವು ಗೂಡುಗಳು ಆಳದಲ್ಲಿ ಕೂಡಿಕೊಂಡಿರಬಹುದೆಂದು ಊಹಿಸಲಾಗಿದೆ.

ಚಿಕ್ಕ ದೂರದರ್ಶಕದಲ್ಲಿ ಅಯೋ ಬರೀ ಒಂದು ಬಿಳಿಯ ಚುಕ್ಕೆ. ಇಷ್ಟೆಲ್ಲ ಓದಿದ ಮೇಲೂ ನನ್ನ ಕಣ್ಣಿಗೆ ಅದು ಹಳದಿಯಾಗಿಯೂ ಕಂಡಿಲ್ಲ. ಆದರೂ ಅದು ಗುರುವಿನ ನೆರಳಿನೊಳಗೆ ಹೋಗುವ ವೇಳೆಯನ್ನು ಖಗೋಳ ಪಂಚಾಂಗದಿಂದ ಗುರುತು ಮಾಡಿಕೊಂಡು ಕಣ್ಣಿಟ್ಟು ಕಾಯುವುದು ನನಗೆ ರೂಢಿಯಾಗಿದೆ. ನೆರಳು ತಾಗಿದ ಮೇಲೆ ಮೂರು ನಾಲ್ಕು ನಿಮಿಷಗಳಲ್ಲಿ ಚುಕ್ಕೆ ಮಂಕಾಗುತ್ತಾ ಹೋಗಿ, ಕೊನೆಗೆ ಇದೆಯೋ ಇಲ್ಲವೋ ಎನ್ನುವಷ್ಟಾಗಿ, ಇಲ್ಲವಾಗುತ್ತದೆ. ಅಲ್ಲಿ ಆಗ ನೆಲದ ತಾಪ ಸರ್ರನೆ ಇಳಿದು, ತೆಳುಗಾಳಿಯಲ್ಲಿದ್ದ ಸಲ್ಫರ್ ಡೈಆಕ್ಸೈಡಿನ ಬಹುಪಾಲು ಹಿಮವಾಗಿ ನೆಲಕ್ಕೆ ಕೂರುತ್ತದೆ. ಎರಡು ಗಂಟೆಗೂ ಹೆಚ್ಚು ಕಾಲ ಅಯೋದ ಮೇಲೆ ಬಿಸಿಲಿಲ್ಲ. ಅವಕೆಂಪಿನಲ್ಲಿ ನೋಡುವ ದೊಡ್ಡ ದೂರದರ್ಶಕಗಳಿಗೆ ಅತ್ಯುತ್ತಮ ಹೊತ್ತು ಅದೇ. ಬಿಸಿಲಿನ ಹೊಳಪು ಅಡ್ಡಬರದ ಆ ಕಪ್ಪು ಗೋಳದ ಮೇಲೆ ಲೋಕಿ, ಪೆಲೆ ಮತ್ತು ಹೆಸರಿಲ್ಲದ ಹತ್ತಾರು ಬಾಯಿಗಳು ಕೆಂಡದ ಚುಕ್ಕೆಗಳಂತೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.